ಕೊರಿಯನ್ ಕಲಿಯುವ ನಮ್ಮ ಮಕ್ಕಳಿಗೆ ಕಷ್ಟಕಾಲದ ಪದಗಳೂ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಯುವಜನರ ಪುಟದಲ್ಲಿ ವಾರವಾರ ಬರುತ್ತಿರುವ ಕೊರಿಯನ್ ಭಾಷೆಯ ಪಾಠಮಾಲೆಯನ್ನು ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ ನಾನು ಆ ಅಂಕಣವನ್ನು ತಪ್ಪದೆ ಓದುತ್ತೇನೆ. ನನ್ನ ತರಗತಿಯ ಹಲವು ಹುಡುಗಿಯರು ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ನಮಸ್ಕಾರ ಹೇಳುವುದು, ಊಟಕ್ಕೆ ಕರೆಯುವುದು, ಅಣ್ಣ ಅಕ್ಕ ಎನ್ನುವುದು, ಮೆಚ್ಚುಗೆ ತಿಳಿಸುವುದು ಎಲ್ಲವೂ ಇದುವರೆಗೆ ಬಂದಿವೆ ಮತ್ತು ಚೆನ್ನಾಗಿ ಬಂದಿವೆ. ಆದರೆ ವ್ಯಾಪಾರ ಬಿದ್ದುಹೋದಾಗ, ಕಾರ್ಖಾನೆ ಉತ್ಪಾದನೆ ಇಳಿಸಿದಾಗ, ಸಂಬಳ ತಡವಾದಾಗ, ಕೆಲಸ ಹೋದಾಗ ಕೊರಿಯನ್ನರು ಏನು ಮಾತಾಡುತ್ತಾರೆ ಎಂಬುದರ ಒಂದು ಪದವೂ ಬಂದಿಲ್ಲ. ಈ ಪದಗಳನ್ನು ಸೇರಿಸಬೇಕೆಂದು ಕೇಳಿಕೊಳ್ಳುವುದು ಮತ್ತು ಅದು ಏಕೆ ಅಗತ್ಯ ಎಂದು ನನಗೆ ತಿಳಿದಷ್ಟನ್ನು ಉದಾಹರಣೆಗಳ ಸಹಿತ ಮುಂದಿಡುವುದು ಈ ಪತ್ರದ ಉದ್ದೇಶ.

ನಮ್ಮ ಭಾಗದ ಯುವಕರಿಗೆ ಕೊರಿಯನ್ ಈಗ ಧಾರಾವಾಹಿ, ಹಾಡುಗಳ ಭಾಷೆಯಾಗಿ ಮಾತ್ರ ಉಳಿದಿಲ್ಲ. ಪಕ್ಕದ ಅನಂತಪುರದ ಆಚೆ ಪೆನುಕೊಂಡದಲ್ಲಿ 2019ರಿಂದ ಕೊರಿಯಾದ ಕಿಯಾ ಕಂಪನಿಯ ಕಾರುಗಳು ತಯಾರಾಗುತ್ತಿವೆ. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಕೊರಿಯಾದ್ದೇ ಆದ ಹುಂಡೈ ಇದೆ. ಅಲ್ಲಿನ ಉಕ್ಕಿನ ಕಂಪನಿ ಪೋಸ್ಕೊ ಗದಗಿನ ಹಳ್ಳಿಗುಡಿಗೆ ಬರುವುದಾಗಿ ಹೇಳಿ ರೈತರ ವಿರೋಧದಿಂದ ಆ ಯೋಜನೆ ಕೈಬಿಟ್ಟುಹೋದದ್ದು ನಮಗೆಲ್ಲ ನೆನಪಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆಗಳಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳನ್ನು ಹೆಸರಿಸುವಾಗ ಕೊರಿಯನ್ನನ್ನೂ ಸೇರಿಸಿದೆ. ಹೀಗಿರುವಾಗ ಈ ಭಾಷೆಯನ್ನು ಉದ್ಯೋಗದ ಕಣ್ಣಿನಿಂದ ಕಲಿಯುವ ಮಕ್ಕಳಿಗೆ ಉದ್ಯೋಗ ಹೋಗುವ ಸಂದರ್ಭದ ಮಾತುಗಳನ್ನೂ ಕಲಿಸುವುದು ನ್ಯಾಯ.

ಮೊದಲು ದಿನನಿತ್ಯದ ಮಾತಿನಿಂದ ಆರಂಭಿಸಬಹುದು. ಕೊರಿಯನ್ನಿನಲ್ಲಿ 'ಗ್ಯೊಂಗ್‌ಗಿ' ಎಂದರೆ ವ್ಯಾಪಾರ ವಹಿವಾಟಿನ ಒಟ್ಟಾರೆ ಸ್ಥಿತಿ. ಅದರ ಆರಂಭಕ್ಕೆ ನಿಷೇಧಾರ್ಥದ 'ಬುಲ್' ಸೇರಿದರೆ 'ಬುಲ್‌ಗ್ಯೊಂಗ್‌ಗಿ', ಅಂದರೆ ಮಂದಿ ಕಾಲ, ವ್ಯಾಪಾರ ಬಿದ್ದ ಕಾಲ. ಟ್ಯಾಕ್ಸಿ ಚಾಲಕನಿಂದ ಹಿಡಿದು ಅಂಗಡಿಯಾಕೆಯವರೆಗೆ ಎಲ್ಲರ ಬಾಯಲ್ಲೂ ಇರುವ ವಾಕ್ಯ 'ಗ್ಯೊಂಗ್‌ಗಿಗಾ ಆನ್ ಜೋವಾಯೊ', ವಹಿವಾಟು ಚೆನ್ನಾಗಿಲ್ಲ ಎಂದು. ತನ್ನ ಅಂಗಡಿಯ ಮಾತನ್ನೇ ಹೇಳಬೇಕಾದರೆ 'ಜಾಂಗ್‌ಸಾಗಾ ಆನ್ ದ್ವೆಯೊ', ವ್ಯಾಪಾರ ನಡೆಯುತ್ತಿಲ್ಲ. ಗಿರಾಕಿಯೇ ಇಲ್ಲದೆ ಖಾಲಿ ಕುಳಿತವನನ್ನು ಕುರಿತು ಅವರು 'ಫಾರಿ ನಾಲ್ಲಿದಾ' ಎನ್ನುತ್ತಾರೆ. ಫಾರಿ ಎಂದರೆ ನೊಣ. ನೊಣ ಹಾರಿಸುತ್ತ ಕೂತಿದ್ದಾನೆ ಎಂದರ್ಥ. ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ನಿಂತು 'ಹೆಂಗೈತ್ರಿ ವ್ಯಾಪಾರ' ಎಂದು ಕೇಳಿ ನೋಡಿ, 'ಏನೈತ್ರಿ, ನೊಣ ಹೊಡ್ಕೋತ ಕುಂತೀವಿ' ಎಂಬ ಉತ್ತರ ಬರುತ್ತದೆ. ಇಂಥ ನುಡಿಗಟ್ಟನ್ನು ವಿದ್ಯಾರ್ಥಿಗೆ ಒಮ್ಮೆ ಹೇಳಿದರೆ ಸಾಕು, ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ. ಖರ್ಚು ಬಿಗಿಮಾಡುವುದಕ್ಕೆ ಅವರು ಸೊಂಟದ ಪಟ್ಟಿ ಬಿಗಿಯುವುದು ಎನ್ನುತ್ತಾರೆ, 'ಹೊರಿತ್ತಿರುಲ್ ಜೊಲ್ಲಾಮೆದಾ'. ನಮ್ಮ ಹೊಟ್ಟೆ ಬಟ್ಟೆ ಕಟ್ಟುವುದು ಇದರ ಹತ್ತಿರದ ನೆಂಟ.

ಇನ್ನೊಂದು ಹಳೆಯ ಪದವನ್ನು ನಮ್ಮ ಜಿಲ್ಲೆಗಳ ಓದುಗರು ವಿಶೇಷವಾಗಿ ಅರ್ಥಮಾಡಿಕೊಳ್ಳಬಲ್ಲರು. 'ಬೊರಿತ್‌ಗೊಗೆ' ಎಂದರೆ ಬಾರ್ಲಿಯ ಕಣಿವೆದಾರಿ ಅಥವಾ ಏರು. ಹಿಂದಿನ ವರ್ಷದ ಅಕ್ಕಿ ಮುಗಿದು, ಹೊಲದ ಬಾರ್ಲಿ ಇನ್ನೂ ಕೊಯ್ಲಿಗೆ ಬಾರದ ವಸಂತದ ಹಸಿವಿನ ವಾರಗಳಿಗೆ ಆ ಹೆಸರು. ಕೊರಿಯಾ ಯುದ್ಧದ ನಂತರದ ಬಡತನದ ಕಾಲದವರೆಗೂ ಅದು ಅಲ್ಲಿನ ಹಳ್ಳಿಗಳ ನಿಜವಾದ ಅನುಭವವಾಗಿತ್ತು. ಇವತ್ತಿಗೂ ಹಿರಿಯರು ತಮ್ಮ ಬಾಲ್ಯದ ಕಷ್ಟ ಹೇಳುವಾಗ ಈ ಪದವನ್ನೇ ಬಳಸುತ್ತಾರೆ. ಸಿರುಗುಪ್ಪ, ಸಿಂಧನೂರುಗಳಿಗೆ ಕಾಲುವೆ ನೀರು ಬರುವ ಮೊದಲಿನ ದಿನಗಳನ್ನು ಕಂಡ ಅಜ್ಜಿಯರಿರುವ ಮನೆಗಳಲ್ಲಿ ಈ ಪದಕ್ಕೆ ವಿವರಣೆ ಬೇಕಾಗಲಾರದು.

ಪತ್ರಿಕೆ ಮತ್ತು ಸರ್ಕಾರದ ಭಾಷೆ ಇದಕ್ಕಿಂತ ಬೇರೆ. ನಾವು ಗಂಭೀರ ಬರಹದಲ್ಲಿ ಸಂಸ್ಕೃತದ ಪದಗಳನ್ನು ತರುವಂತೆ ಕೊರಿಯನ್ನರು ಚೀನೀ ಮೂಲದ ಪದಗಳನ್ನು ತರುತ್ತಾರೆ. ಬೆಳವಣಿಗೆಯ ವೇಗ ಕಡಿಮೆಯಾದರೆ ಅದು 'ದುನ್‌ಹ್ವಾ'. ಆರ್ಥಿಕತೆ ಮುಳುಗಿ ನಿಂತುಬಿಟ್ಟಂತಾದರೆ 'ಛಿಮ್‌ಛೆ'. ಆ ಸ್ಥಿತಿ ಗಾಢವಾಗಿ ಕಾರ್ಖಾನೆ, ಅಂಗಡಿಗಳೆಲ್ಲ ನಲುಗುವಂತಾದರೆ 'ಬುಲ್‌ಹ್ವಾಂಗ್', ಅದರ ವಿರುದ್ಧ ಪದ 'ಹೋಹ್ವಾಂಗ್', ಏರುಗಾಲ. 1929ರ ನಂತರ ಜಗತ್ತನ್ನೆಲ್ಲ ಹಿಂಡಿದ ಮಹಾಕುಸಿತಕ್ಕೆ ಮಾತ್ರ 'ದೆ ಗೊಂಗ್‌ಹ್ವಾಂಗ್'. ಒಟ್ಟು ಉತ್ಪನ್ನವೇ ಹಿಂದಿನ ಅವಧಿಗಿಂತ ಕಡಿಮೆಯಾದಾಗ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಕೊರಿಯಾದ ಅಂಕಿಅಂಶಗಳ ಸುದ್ದಿಯಲ್ಲಿ 'ಯೊಕ್‌ಸೊಂಗ್‌ಜಾಂಗ್' ಎಂಬ ಪದ ಬರುತ್ತದೆ, ಹಿಮ್ಮುಖ ಬೆಳವಣಿಗೆ ಎಂದು. ನಷ್ಟಕ್ಕೆ 'ಜೊಕ್‌ಚಾ', ಕೆಂಪು ಅಕ್ಷರ. ಲಾಭಕ್ಕೆ 'ಹುಕ್‌ಚಾ', ಕಪ್ಪು ಅಕ್ಷರ. ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯ ಬಳಕೆ ಗೊತ್ತಿರುವ ಬಿ.ಕಾಂ. ವಿದ್ಯಾರ್ಥಿಗಳಿಗೆ ಇವೆರಡೂ ಸುಲಭ.

ಇಲ್ಲಿ ತಮ್ಮ ಪತ್ರಿಕೆಯ ವಾಣಿಜ್ಯ ಪುಟದ ಬಗ್ಗೆಯೂ ಒಂದು ಮಾತು ಹೇಳಲು ಅನುಮತಿ ಕೋರುತ್ತೇನೆ. ಬೆಳವಣಿಗೆ ದರ ಶೇ 8ರಿಂದ ಶೇ 6ಕ್ಕೆ ಇಳಿದರೂ ನಮ್ಮ ಕನ್ನಡ ಪತ್ರಿಕೆಗಳಲ್ಲಿ 'ಆರ್ಥಿಕ ಕುಸಿತ', ಉತ್ಪನ್ನವೇ ಕುಗ್ಗಿದರೂ 'ಆರ್ಥಿಕ ಕುಸಿತ', ಷೇರುಪೇಟೆ ಒಂದು ದಿನ ಇಳಿದರೂ ಅದೇ ಪದ. ಮೊದಲನೆಯದರಲ್ಲಿ ದೇಶ ಬೆಳೆಯುತ್ತಲೇ ಇದೆ, ನಿಧಾನವಾಗಿ. ಎರಡನೆಯದರಲ್ಲಿ ಕಳೆದ ವರ್ಷಕ್ಕಿಂತ ಕಡಿಮೆ ಉತ್ಪಾದಿಸಿದೆ. ಈ ಭೇದವನ್ನು ತರಗತಿಯಲ್ಲಿ ಬಿಡಿಸಿ ಹೇಳಿದ ಮರುದಿನ ವಿದ್ಯಾರ್ಥಿಗಳು ಪತ್ರಿಕೆ ತಂದು 'ಮೇಡಂ, ಇದು ಯಾವ ಕುಸಿತ' ಎಂದು ಕೇಳುತ್ತಾರೆ. ಮಂದಗತಿ, ಹಿಂಜರಿತ, ಮುಗ್ಗಟ್ಟು ಎಂಬ ಒಳ್ಳೆಯ ಪದಗಳು ಕನ್ನಡದಲ್ಲಿ ಈಗಾಗಲೇ ಇವೆ. ಅವನ್ನು ಅಳತೆಯರಿತು ಬಳಸುವ ಶಿಸ್ತು ಇದ್ದರೆ ಕೊರಿಯನ್ ಪದಗಳ ಪಕ್ಕದಲ್ಲಿ ಅವನ್ನು ಧೈರ್ಯವಾಗಿ ಮುದ್ರಿಸಬಹುದು.

ಕೊರಿಯನ್ನರ ಆರ್ಥಿಕ ಸಂಕಷ್ಟದ ಮಾತುಗಳಲ್ಲಿ ಅತ್ಯಂತ ತೂಕದ ಪದವೆಂದರೆ 'ಐಎಂಎಫ್'. ನಮಗೆ ಅದು ಅಂತರರಾಷ್ಟ್ರೀಯ ಹಣಕಾಸು ನಿಧಿ ಎಂಬ ಸಂಸ್ಥೆ. ಐವತ್ತು ದಾಟಿದ ಕೊರಿಯನ್ನನಿಗೆ ಅದು ಒಂದು ಕಾಲದ ಹೆಸರು. 'ಐಎಂಎಫ್ ಹೊತ್ತಿನಲ್ಲಿ ಅಪ್ಪನ ಕೆಲಸ ಹೋಯಿತು', 'ಐಎಂಎಫ್ ಬಂದಾಗ ಮನೆ ಮಾರಿದೆವು' ಎಂದು ಅವರು ಸಹಜವಾಗಿ ಹೇಳುತ್ತಾರೆ. 1997ರ ಜನವರಿಯಲ್ಲಿ ಹನ್ಬೊ ಎಂಬ ಉಕ್ಕಿನ ಕಂಪನಿ ಸಾಲ ತೀರಿಸಲಾಗದೆ ಕುಸಿಯಿತು. ಆಗ ಪತ್ರಿಕೆಗಳ ಮುಖಪುಟದಲ್ಲಿ ಬಂದ ಪದ 'ಬುದೊ'. ಹುಂಡಿ ಅಥವಾ ಚೆಕ್ಕಿಗೆ ಗಡುವಿನ ದಿನ ಹಣ ಸಲ್ಲದೆ ಹೋಗುವುದಕ್ಕೆ ಹಾಗೆನ್ನುತ್ತಾರೆ, ಕಂಪನಿ ದಿವಾಳಿಯಾಯಿತು ಎನ್ನುವುದಕ್ಕೂ ಅದೇ ಪದ. ಅದೇ ವರ್ಷದ ಮಧ್ಯದಲ್ಲಿ ಕಿಯಾ ಸಂಕಷ್ಟಕ್ಕೆ ಬಿತ್ತು, ಮರುವರ್ಷ ಹುಂಡೈ ಕೈಸೇರಿತು. ಪೆನುಕೊಂಡದ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಹೋಗುವ ನಮ್ಮ ಹುಡುಗರಿಗೆ ಆ ಕಂಪನಿಯ ಈ ಚರಿತ್ರೆ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ. ವಿದೇಶಿ ವಿನಿಮಯ ಬರಿದಾಗತೊಡಗಿದಾಗ ಸರ್ಕಾರ ನವೆಂಬರ್ 21ರಂದು ಐಎಂಎಫ್ ನೆರವು ಕೇಳುವುದಾಗಿ ಘೋಷಿಸಿ ಡಿಸೆಂಬರ್ 3ರಂದು ಒಪ್ಪಂದ ಮಾಡಿಕೊಂಡಿತು. ಡಾಲರಿಗೆ ಒಂಬೈನೂರರ ಆಸುಪಾಸಿನಲ್ಲಿದ್ದ ಅಲ್ಲಿನ ಕರೆನ್ಸಿ ವಾನ್ ವರ್ಷಾಂತ್ಯಕ್ಕೆ ಎರಡು ಸಾವಿರದ ಹತ್ತಿರಕ್ಕೆ ಬಿತ್ತು. 1998ರಲ್ಲಿ ಆರ್ಥಿಕತೆ ಸುಮಾರು ಶೇ 5ರಷ್ಟು ಕುಗ್ಗಿತು, ನಿರುದ್ಯೋಗ ಶೇ 7ರ ಹತ್ತಿರಕ್ಕೆ ಏರಿತು. ಅರ್ಥಶಾಸ್ತ್ರಜ್ಞರು ಈ ಪ್ರಸಂಗವನ್ನು 'ಒಯ್‌ಹ್ವಾನ್ ವಿಗಿ', ವಿದೇಶಿ ವಿನಿಮಯ ಬಿಕ್ಕಟ್ಟು ಎಂದೂ, 2008ರದನ್ನು 'ಗುಮ್‌ಯುಂಗ್ ವಿಗಿ', ಹಣಕಾಸು ಬಿಕ್ಕಟ್ಟು ಎಂದೂ ಬೇರ್ಪಡಿಸಿ ಹೇಳುತ್ತಾರೆ.

ಆ ಕಾಲದ 'ಗುಮ್ ಮೊಉಗಿ', ಚಿನ್ನ ಸಂಗ್ರಹ ಚಳವಳಿಯ ಕಥೆ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. 1998ರ ಆರಂಭದಲ್ಲಿ ಸುಮಾರು 35 ಲಕ್ಷ ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ಮದುವೆಯ ಉಂಗುರ, ಮಗುವಿನ ಮೊದಲ ವರ್ಷದ ಹಬ್ಬಕ್ಕೆ ಬಂದ ಪುಟ್ಟ ಉಂಗುರಗಳನ್ನು ಕೊಟ್ಟರು. ಸುಮಾರು 227 ಟನ್ ಚಿನ್ನ ಕೂಡಿತು. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಗಣಿ ವರ್ಷವೆಲ್ಲ ದುಡಿದು ತೆಗೆಯುವುದು ಒಂದೆರಡು ಟನ್ನಿನ ಆಸುಪಾಸು ಎಂದರೆ ಆ ಪ್ರಮಾಣ ಎಷ್ಟೆಂದು ಊಹಿಸಬಹುದು. ಆ ಜನರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದೇ 1998ರ ಫೆಬ್ರುವರಿಯಲ್ಲಿ ನೌಕರರನ್ನು ಸಾಮೂಹಿಕವಾಗಿ ತೆಗೆಯಲು ದಾರಿಮಾಡಿಕೊಟ್ಟ ಕಾನೂನು ಬಂತು ಎಂಬುದನ್ನು ಆ ಲೇಖನಗಳು ಹೇಳುವುದಿಲ್ಲ. 2001ರ ಆಗಸ್ಟ್‌ನಲ್ಲಿ ಐಎಂಎಫ್ ಸಾಲ ಅವಧಿಗೆ ಮೊದಲೇ ತೀರಿತು. ಕೆಲಸ ಕಳೆದುಕೊಂಡವರ ಬಾಯಲ್ಲಿ ಹುಟ್ಟಿದ ಮಾತುಗಳು ಉಳಿದುಕೊಂಡವು. ಕಲಿಯುವವರಿಗೆ ಅತಿ ಮುಖ್ಯವಾದವು ಈ ಮಾತುಗಳೇ ಆದ್ದರಿಂದ ಇವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಂಪನಿ 'ಗುಜೊ ಜೊಜೊಂಗ್' ಎಂದರೆ ರಚನೆಯ ಹೊಂದಾಣಿಕೆ ಎಂಬ ಸಾಧು ಅರ್ಥ. ಕೇಳಿದ ನೌಕರನಿಗೆ ತಲೆಗಳು ಉರುಳುತ್ತವೆ ಎಂಬ ಅರ್ಥ. 'ಹೆಗೊ' ಎಂದರೆ ವಜಾ. 'ಜೊಂಗ್‌ನಿ ಹೆಗೊ' ಎಂದರೆ ಕಂಪನಿಯ ಸಂಕಷ್ಟದ ಕಾರಣಕ್ಕೆ, ನೌಕರನ ತಪ್ಪಿಲ್ಲದೆ ಮಾಡುವ ವಜಾ. ಬೀದಿ ಮಾತಿನಲ್ಲಿ ಇದಕ್ಕೆಲ್ಲ ಒಂದೇ ಕ್ರಿಯಾಪದ, 'ಜಾಲ್ಲಿದಾ', ಕತ್ತರಿಸಲ್ಪಡುವುದು. ಇನ್ನು 'ಮ್ಯೊಂಗ್‌ಯೆ ಥ್ವೆಜಿಕ್' ಎಂದರೆ ಗೌರವದ ನಿವೃತ್ತಿ, 'ಹಿಮಾಂಗ್ ಥ್ವೆಜಿಕ್' ಎಂದರೆ ಆಶಿಸಿ ಪಡೆದ ನಿವೃತ್ತಿ. ಎರಡೂ ನಮ್ಮ ವಿಆರ್‌ಎಸ್‌ನ ಜಾತಿಗೆ ಸೇರಿದವು. ಹೆಚ್ಚುವರಿ ಹಣ ಕೊಟ್ಟು ಅವಧಿಗೆ ಮೊದಲೇ ಕಳಿಸುವ ಏರ್ಪಾಡುಗಳು. ತುಂಗಭದ್ರಾ ಅಣೆಕಟ್ಟೆಯ ಪಕ್ಕದ ಸರ್ಕಾರಿ ಉಕ್ಕು ಕಾರ್ಖಾನೆ ಮುಚ್ಚಿದ್ದನ್ನು ಕಂಡ ಹೊಸಪೇಟೆಯ ಕುಟುಂಬಗಳಿಗೆ ಸ್ವಯಂ ನಿವೃತ್ತಿ ಎಂಬುದರಲ್ಲಿ 'ಸ್ವಯಂ' ಎಷ್ಟಿರುತ್ತದೆ ಎಂದು ಗೊತ್ತಿದೆ.

ಎಲ್ಲಕ್ಕಿಂತ ಎಚ್ಚರಿಕೆಯಿಂದ ಕಲಿಸಬೇಕಾದದ್ದು 'ಗ್ವೊನ್‌ಗೊ ಸಾಜಿಕ್' ಎಂಬ ಪದ. ಮಾಲೀಕ ರಾಜೀನಾಮೆ ಕೊಡಿ ಎಂದು ಸೂಚಿಸಿ, ನೌಕರ ಒಪ್ಪಿ ಕೊಡುವ ರಾಜೀನಾಮೆಗೆ ಹಾಗೆ ಹೆಸರು. ಇದಕ್ಕೂ ತಾನಾಗಿಯೇ ಬಿಟ್ಟುಹೋಗುವ 'ಜಾಜಿನ್ ಥ್ವೆಸಾ'ಕ್ಕೂ ಕಾಗದದ ಮೇಲೆ ಕೆಲವೇ ಅಕ್ಷರಗಳ ವ್ಯತ್ಯಾಸ. ಪರಿಣಾಮದಲ್ಲಿ ಬಹಳ ದೂರ. ಕೊರಿಯಾದ ಉದ್ಯೋಗ ವಿಮೆಯಡಿ ಸಿಗುವ 'ಶಿರೊಪ್ ಗುಬ್ಯೊ' ಎಂಬ ನಿರುದ್ಯೋಗ ಭತ್ಯೆಗೆ, ಕೆಲಸ ಬಿಡುವ ಹಿಂದಿನ 18 ತಿಂಗಳಲ್ಲಿ ಕನಿಷ್ಠ 180 ದಿನಗಳ ವಿಮಾ ಅವಧಿ ಇರಬೇಕು ಮತ್ತು ಸಾಮಾನ್ಯವಾಗಿ ಕೆಲಸ ತನ್ನ ಇಚ್ಛೆಗೆ ವಿರುದ್ಧವಾಗಿ ಹೋಗಿರಬೇಕು. ಮಾಲೀಕನ ಸೂಚನೆಯಿಂದ ರಾಜೀನಾಮೆ ಕೊಟ್ಟವನು ಅದಕ್ಕೆ ಅರ್ಹನಾಗಬಲ್ಲ, ವೈಯಕ್ತಿಕ ಕಾರಣ ಎಂದು ಬರೆದುಕೊಟ್ಟವನು ಸಾಮಾನ್ಯವಾಗಿ ಆಗಲಾರ. ವಿದೇಶಿಯರಿಗೆ ಈ ವಿಮೆಯ ನಿಯಮ ವೀಸಾದ ಬಗೆಯ ಮೇಲೆ ಬದಲಾಗುತ್ತದೆ ಎಂಬುದನ್ನೂ ಪಾಠದಲ್ಲಿ ಹೇಳಬೇಕು. ಅದೇನೇ ಇದ್ದರೂ ತಾನು ಸಹಿ ಹಾಕುತ್ತಿರುವ ಹಾಳೆಯ ತಲೆಬರಹವನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಭಾಷೆ ನಮ್ಮ ಹುಡುಗನಿಗೆ ಇರಬೇಕಲ್ಲವೇ?

ಹೀಗೆಯೇ ಹಕ್ಕುಗಳಿಗೆ ನೇರವಾಗಿ ಅಂಟಿಕೊಂಡ ಇನ್ನೂ ಕೆಲವು ಪದಗಳಿವೆ. 'ಹೆಗೊ ಯೆಗೊ' ಎಂದರೆ ವಜಾದ ಮುನ್ಸೂಚನೆ. ಮೂರು ತಿಂಗಳು ಪೂರೈಸಿದ ನೌಕರನನ್ನು ತೆಗೆಯಬೇಕಾದರೆ 30 ದಿನ ಮೊದಲು ತಿಳಿಸಬೇಕು, ಇಲ್ಲವೇ 30 ದಿನಗಳ ಸಾಮಾನ್ಯ ವೇತನ ಕೊಡಬೇಕು ಎಂಬುದು ಅಲ್ಲಿನ ಕಾರ್ಮಿಕ ಮಾನದಂಡಗಳ ಕಾಯ್ದೆಯ ನಿಯಮ. ಸಾಮೂಹಿಕವಾಗಿ ತೆಗೆಯುವುದಾದರೆ 50 ದಿನ ಮೊದಲು ಕಾರ್ಮಿಕ ಸಂಘಕ್ಕೋ ಪ್ರತಿನಿಧಿಗೋ ತಿಳಿಸಿ ಸಮಾಲೋಚಿಸಬೇಕು. ಮಾಲೀಕನ ಕಡೆಯ ಕಾರಣದಿಂದ ಕೆಲಸ ನಿಂತಾಗ ಕೊಡಬೇಕಾದ 'ಹ್ಯುವೊಪ್ ಸುದಾಂಗ್' ಸರಾಸರಿ ವೇತನದ ಶೇ 70ಕ್ಕೆ ಕಡಿಮೆ ಇರಬಾರದು, ಐದು ಅಥವಾ ಹೆಚ್ಚು ಜನರಿರುವ ಕಡೆಗಳಲ್ಲಿ. ನಮ್ಮಲ್ಲಿ ಲೇ-ಆಫ್ ಪರಿಹಾರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಎಂದು ಓದಿದ ವಿದ್ಯಾರ್ಥಿಗೆ ಈ ಹೋಲಿಕೆ ಪರೀಕ್ಷೆಯ ದೃಷ್ಟಿಯಿಂದಲೂ ಉಪಯುಕ್ತ. 'ಥ್ವೆಜಿಕ್‌ಗುಮ್' ನಮ್ಮ ಗ್ರಾಚ್ಯುಟಿಯಂಥದು: ವರ್ಷ ತುಂಬಿದ ಮೇಲೆ, ಪ್ರತಿ ವರ್ಷದ ಸೇವೆಗೆ ಕನಿಷ್ಠ 30 ದಿನಗಳ ಸರಾಸರಿ ವೇತನ. ಕೊನೆಯದಾಗಿ 'ಇಮ್‌ಗುಮ್ ಛೆಬುಲ್', ಸಂಬಳ ಬಾಕಿ. ಸಣ್ಣ ಕಾರ್ಖಾನೆಗಳಲ್ಲಿ ಮಂದಿ ಕಾಲದ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ. ಕಾರ್ಮಿಕ ಕಚೇರಿಗೆ ಹೋಗಿ ಬೇರೇನೂ ಹೇಳಲು ಬಾರದಿದ್ದರೂ ಈ ಎರಡು ಪದ ಹೇಳಿದರೆ ಎದುರಿಗಿರುವವರಿಗೆ ವಿಷಯ ತಿಳಿಯುತ್ತದೆ.

ಜನ ಕಟ್ಟಿಕೊಂಡ ಪದಗಳೂ ಬೇಕಾದಷ್ಟಿವೆ. ನಲವತ್ತೈದಕ್ಕೇ ನಿವೃತ್ತಿ ಎಂಬುದನ್ನು ಸಂಖ್ಯೆಗಳ ಮೊದಲಕ್ಷರ ಕೂಡಿಸಿ 'ಸಾಓಜೊಂಗ್' ಎಂದರು. ಐವತ್ತಾರಕ್ಕೂ ಕುರ್ಚಿ ಬಿಡದವನು ಕಳ್ಳ ಎಂಬುದನ್ನು ಬುಸಾನ್ ಕಡಲಿನ ದ್ವೀಪಗಳ ಹೆಸರಾದ 'ಓರ್ಯುಕ್‌ದೊ'ದಲ್ಲಿ ಅಡಗಿಸಿದರು. ಪ್ರೇಮ, ಮದುವೆ, ಮಕ್ಕಳು ಮೂರನ್ನೂ ಕೈಬಿಟ್ಟ ತಲೆಮಾರಿಗೆ 2011ರ ಹೊತ್ತಿಗೆ 'ಸಾಂಫೊ ಸೆದೆ' ಎಂಬ ಹೆಸರು ಬಂತು. ಕೆಲಸವಿಲ್ಲದವನು 'ಬೆಕ್‌ಸು', ಬಿಳಿ ಕೈಯವನು. ಧಾರಾವಾಹಿ ನೋಡುವ ಮಕ್ಕಳಿಗೆ ಇವು ಕಿವಿಗೆ ಬಿದ್ದಿರುತ್ತವೆ. ಹಿಂದಿನ ನೋವು ತಿಳಿದಿರುವುದಿಲ್ಲ.

ಈ ಪಾಠ ನಮ್ಮ ಊರಿನಲ್ಲಿ ನಿಂತು ಹೇಳಿದರೆ ಹೆಚ್ಚು ಅರ್ಥವಾಗುತ್ತದೆ ಎಂದು ನಾನು ನಂಬಲು ಕಾರಣವಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲೂಟಿ ನಿಲ್ಲಲೇಬೇಕಿತ್ತು, ಆ ಆದೇಶ ಸರಿಯಾದದ್ದೇ. ಆದರೆ ಕಂತಿನ ಮೇಲೆ ಲಾರಿ ಕೊಂಡವನು, ಕ್ಲೀನರ್, ಟೈರಿಗೆ ಪಂಕ್ಚರ್ ಹಾಕುವವನು, ಸಂಡೂರು ರಸ್ತೆಯ ಖಾನಾವಳಿಯಾಕೆ ಯಾರೂ ಆ ಲೂಟಿಯಲ್ಲಿ ಪಾಲು ಪಡೆದವರಲ್ಲ. ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಲಾರಿಗಳ ಚಕ್ರಗಳ ಕೆಳಗೆ ಹುಲ್ಲು ಬೆಳೆಯಿತು, ಫೈನಾನ್ಸಿನವರು ಬಂದು ಕೀಲಿ ಕೇಳಿದರು. 'ರೊಕ್ಕ ಆಡವಲ್ದು', 'ಧಂದೆ ಬಿದ್ದೈತಿ', 'ಗಾಡಿ ಎಳಕೊಂಡು ಹೋದ್ರು' ಎಂದು ಮನೆಗಳಲ್ಲಿ ಆಡಿದ ಮಾತು ಆಗಿನ ವರದಿಗಳಲ್ಲಿ ಕಾಣಲಿಲ್ಲ. ಅಲ್ಲಿ ಇದ್ದದ್ದು ಟನ್ನುಗಳ ಮತ್ತು ಕೋಟಿಗಳ ಲೆಕ್ಕ. ಇಂದಿಗೂ ಜೀನ್ಸ್ ಹೊಲಿಗೆಯ ಘಟಕದಲ್ಲಿ ಆರ್ಡರ್ ನಿಂತರೆ, ಉಕ್ಕಿನ ಬೆಲೆ ಇಳಿದು ಗುತ್ತಿಗೆ ಕಾರ್ಮಿಕರಿಗೆ ಬ್ರೇಕ್ ಕೊಟ್ಟರೆ, ಕೊಪ್ಪಳದ ಗಿಣಿಗೇರಿಯ ಕಡೆ ಕುಲುಮೆ ಆರಿದರೆ, ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ. ಅಂಥ ಮನೆಗಳಿಂದ ಬಂದ ಮಕ್ಕಳೇ ನನ್ನ ತರಗತಿಯಲ್ಲಿ ಕೊರಿಯನ್ ಕಲಿಯುತ್ತಿರುವವರು. ಅವರಿಗೆ ಸಂತೋಷದ ಪದಗಳನ್ನಷ್ಟೇ ಕೊಡುವುದು ಅರ್ಧ ಭಾಷೆಯನ್ನು ಕೊಟ್ಟಂತೆ ಎಂದು ನನಗೆ ಅನ್ನಿಸುತ್ತದೆ.

ಪಾಠದ ಕ್ರಮದ ಬಗ್ಗೆ ಕೆಲವು ಸೂಚನೆಗಳು. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಕೊರಿಯನ್ನಿನಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಭೇದವಿದೆ. ಫಾರಿ, ಛೆಬುಲ್, ಥ್ವೆಜಿಕ್ ಎಂದು ಬರೆಯಲು ನಮ್ಮ ಫ, ಛ, ಥ ಸಿದ್ಧವಾಗಿ ನಿಂತಿವೆ, ಬಿಗಿಹಿಡಿದು ಹೇಳುವ ವ್ಯಂಜನಗಳಿಗೆ ನಮ್ಮ ಒತ್ತಕ್ಷರ ಹತ್ತಿರವಾಗುತ್ತದೆ. ಅ ಮತ್ತು ಒ ನಡುವಿನದರಂಥ ಅವರ ಕೆಲವು ಸ್ವರಗಳಿಗೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ, ಅದನ್ನು ಮೊದಲ ಪಾಠದಲ್ಲೇ ಒಂದು ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು. ಪದವನ್ನು ಒಂಟಿಯಾಗಿ ಕೊಡದೆ ವಾಕ್ಯದಲ್ಲಿ ಕೊಡಿ. ಬೀದಿಯ ಮಾತು ಯಾವುದು, ಕಚೇರಿಯ ಮಾತು ಯಾವುದು ಎಂದು ಗುರುತಿಸಿ. ಮೇಲಧಿಕಾರಿಯ ಎದುರು 'ಜಾಲ್ಲಿದಾ' ಎನ್ನುವುದು, ಅಂಗಡಿಯಾಕೆಯ ಎದುರು 'ಗ್ಯೊಂಗ್‌ಗಿ ಛಿಮ್‌ಛೆ' ಎನ್ನುವುದು ಎರಡೂ ಅಸಹಜವಾಗುತ್ತವೆ. ಕಾನೂನಿಗೆ ಸಂಬಂಧಿಸಿದ ಪದಗಳನ್ನು ಅಚ್ಚಿಗೆ ಕೊಡುವ ಮೊದಲು ಕಾರ್ಮಿಕ ಕಾನೂನು ಬಲ್ಲವರಿಂದ ಒಮ್ಮೆ ನೋಡಿಸಿದರೆ ಒಳ್ಳೆಯದು, ಏಕೆಂದರೆ ಅಲ್ಲಿನ ನಿಯಮಗಳೂ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತಿರುತ್ತವೆ.

ಇವೆಲ್ಲವನ್ನೂ ಒಂದೇ ವಾರ ಕೊಡಲಾಗದು ಎಂದು ಬಲ್ಲೆ. ಸ್ಥಳಾವಕಾಶ ಕಡಿಮೆಯಿದ್ದರೆ ಸಂಬಳ ಬಾಕಿ, ವಜಾದ ಮುನ್ಸೂಚನೆ ಮತ್ತು ರಾಜೀನಾಮೆಯ ಎರಡು ಬಗೆಗಳಿಗೆ ಸಂಬಂಧಿಸಿದ ಪದಗಳನ್ನು ಮೊದಲು ಪ್ರಕಟಿಸಿ, ಅವುಗಳ ಕೊರಿಯನ್ ಲಿಪಿಯ ರೂಪವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ವಾಣಿಜ್ಯಶಾಸ್ತ್ರ ಉಪನ್ಯಾಸಕಿ,
ಬಳ್ಳಾರಿ